ಬೋರ್‌ವೆಲ್ ಬೂದಿಯಲ್ಲಿ ಕಂಡ ಕಾಗೆಬಂಗಾರ

ಚಿಂತಾಮಣಿ ಕಡೆಯ ನಮ್ಮೂರಿನಲ್ಲಿ ಬೋರ್ ಕೊರೆಸುವುದೆಂದರೆ ಅರ್ಧ ಜಾತ್ರೆ, ಅರ್ಧ ಸೂತಕ. ಲಾರಿ ಬಂದು ನಿಲ್ಲುತ್ತದೆ, ಪೂಜೆಯಾಗಿ ತೆಂಗಿನಕಾಯಿ ಒಡೆಯುತ್ತಾರೆ, ಕಂಪ್ರೆಸರ್ ಶುರುವಾದ ಮೇಲೆ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುವುದಿಲ್ಲ. ಮೊದಲು ಕೆಂಪು ಮಣ್ಣು ಬರುತ್ತದೆ, ಆಮೇಲೆ ಗರಸು. ಕೇಸಿಂಗ್ ಪೈಪು ಇಳಿಸಿಯಾದ ಮೇಲೆ ಬರುವುದೆಲ್ಲ ಬೂದಿ. ಬೂದಿ ಎನ್ನುವುದು ಬಾಯಿಮಾತಷ್ಟೆ, ನಿಜಕ್ಕೂ ಅದು ಹಿಟ್ಟಾದ ಬಂಡೆ. ದೊಡ್ಡವರು ನೀರು ಬಂತಾ ಎಂದು ನೋಡುತ್ತಾ ನಿಂತಿದ್ದರೆ ನಾವು ಹುಡುಗರು ಆ ಬೂದಿ ಗುಡ್ಡೆಯಲ್ಲಿ ಕೈಯಾಡಿಸುತ್ತಿದ್ದೆವು. ಲೈಟಿನ ಬೆಳಕಿಗೆ ಅದರಲ್ಲಿ ಚೂರುಗಳು ಮಿಂಚುತ್ತಿದ್ದವು. ಕಾಗೆಬಂಗಾರ.

ಮುಂದೆ ಭೂವಿಜ್ಞಾನ ಓದಲು ಹೋದಾಗ ಅದು ಬಯೋಟೈಟ್ ಎಂಬ ಕಪ್ಪು ಅಭ್ರಕವೆಂದು ಗೊತ್ತಾಯಿತು. ವಿಭಾಗದ ಬೋರ್ಡಿನ ಮೇಲೆ ಸಂಶೋಧನಾ ಕ್ಷೇತ್ರಗಳ ಉದ್ದನೆಯ ಪಟ್ಟಿ ಇರುತ್ತಿತ್ತು: ಶಿಲಾವಿಜ್ಞಾನ, ಭೂಕಾಲಗಣನೆ, ರಚನಾತ್ಮಕ ಭೂವಿಜ್ಞಾನ, ಅಂತರ್ಜಲ, ಆರ್ಥಿಕ ಭೂವಿಜ್ಞಾನ, ಎಂಜಿನಿಯರಿಂಗ್ ಭೂವಿಜ್ಞಾನ. ಹೊರಗಿನವರು ಓದಿದರೆ ಬೇರೆ ಬೇರೆ ಆರು ಅಂಗಡಿಗಳೇ ಅನ್ನಿಸಬೇಕು. ಒಳಗೆ ಎರಡು ವರ್ಷ ಕಳೆದ ಮೇಲೆ ನನಗೆ ಕಂಡದ್ದೇ ಬೇರೆ. ಎಲ್ಲರ ಮೇಜಿನ ಮೇಲೂ ಇದ್ದದ್ದು ಅದೇ ಕಲ್ಲು, ಅದಕ್ಕೆ ಹಾಕುವ ಪ್ರಶ್ನೆ ಮಾತ್ರ ಒಬ್ಬೊಬ್ಬರದು ಒಂದೊಂದು. ಒಂದು ಕಾಗೆಬಂಗಾರದ ಚೂರನ್ನೇ ಹಿಡಿದು ಕೋಣೆಯಿಂದ ಕೋಣೆಗೆ ಹೋದರೆ ಈ ಪಟ್ಟಿಯ ಬಹುಪಾಲು ಅರ್ಥವಾಗುತ್ತದೆ.

ಅದಕ್ಕೆ ಮೊದಲು ಹೆಸರಿನ ಒಂದು ಗೋಜಲು ಬಿಡಿಸಬೇಕು. ಅಮೆರಿಕದ ಕೊಲೊರಾಡೊ ಸ್ಕೂಲ್ ಆಫ್ ಮೈನ್ಸ್‌ನಂಥ ಕಡೆ ಭೂವಿಜ್ಞಾನ ಮತ್ತು ಭೂವೈಜ್ಞಾನಿಕ ಎಂಜಿನಿಯರಿಂಗ್ ಎರಡೂ ಒಂದೇ ವಿಭಾಗ. ಆ ಕಾಲೇಜಿರುವ ಊರಿನ ಹೆಸರು ಗೋಲ್ಡನ್, ಚಿನ್ನದ ಬೇಟೆಯ ಕಾಲದಲ್ಲಿ ಹುಟ್ಟಿದ ಊರು. ಕಲ್ಲನ್ನು ಓದುವವನೂ ಅಗೆಯುವವನೂ ಅಲ್ಲಿ ಒಂದೇ ಸೂರಿನಡಿ ಕೂತದ್ದು ಸಹಜವೇ. ನಮ್ಮಲ್ಲಿ ಭೂವಿಜ್ಞಾನ ವಿಜ್ಞಾನ ವಿಭಾಗಗಳ ಸಾಲಿಗೆ ಸೇರಿತು, ಎಂಜಿನಿಯರಿಂಗ್ ಕಾಲೇಜಿನ ಸಿವಿಲ್ ಹುಡುಗರ ಪಾಲಿಗೆ ಬಂದದ್ದು ಎಂಜಿನಿಯರಿಂಗ್ ಜಿಯಾಲಜಿ ಎಂಬ ಒಂದು ಪೇಪರು. ಬಹಳ ಜನಕ್ಕೆ ಅದು ಪಾಸಾಗಿ ಮರೆಯುವ ಪೇಪರು. ಎರಡರ ವ್ಯತ್ಯಾಸ ವ್ಯಾಕರಣದಲ್ಲಿ ಹೇಳುವುದಾದರೆ ಸುಲಭ. ಭೂವಿಜ್ಞಾನಿ ಮಾತನಾಡುವುದು ಭೂತಕಾಲದಲ್ಲಿ: ಇಲ್ಲಿ ಏನಾಗಿತ್ತು? ಎಂಜಿನಿಯರ್‌ನದು ಭವಿಷ್ಯತ್ಕಾಲ: ನಾನು ಇಲ್ಲಿ ಅಗೆದರೆ ಏನಾದೀತು? ಎರಡನೆಯದಕ್ಕೆ ಉತ್ತರ ಸಿಗುವುದು ಮೊದಲನೆಯದರಿಂದಲೇ.

ಈಗ ಚೂರಿಗೆ ಬರೋಣ. ಬೋರ್‌ವೆಲ್ಲಿನ ಹ್ಯಾಮರ್ ಹೊಡೆತಕ್ಕೆ ಬಂಡೆಯಲ್ಲಿರುವ ಬೆಣಚು, ಫೆಲ್ಡ್‌ಸ್ಪಾರ್ ಎಂಬ ಖನಿಜಗಳು ನುಚ್ಚುನೂರಾಗುತ್ತವೆ. ಅಭ್ರಕ ಮಾತ್ರ ಚೂರಾಗುವ ಬದಲು ಬಾಗುತ್ತದೆ, ಎಸಳೆಸಳಾಗಿ ಬಿಡಿಸಿಕೊಳ್ಳುತ್ತದೆ. ಬೂದಿಯಲ್ಲಿ ಅದೊಂದೇ ಎದ್ದು ಕಾಣುವುದು ಅದಕ್ಕೇ. ಸಿಲಿಕಾ, ಅಲ್ಯೂಮಿನಿಯಂ, ಕಬ್ಬಿಣ, ಮೆಗ್ನೀಸಿಯಂ ಸೇರಿ ಕಟ್ಟಿದ ಹಾಳೆಗಳ ಕಟ್ಟು ಅದು. ಹಾಳೆಯ ಒಳಗಿನ ಬಂಧ ಗಟ್ಟಿ, ಹಾಳೆ ಹಾಳೆಗಳ ನಡುವೆ ಪೊಟ್ಯಾಸಿಯಂ ಹಿಡಿದಿರುವ ಬಂಧ ಸಡಿಲ. ಉಗುರಿನಲ್ಲಿ ಎಬ್ಬಿಸಿದರೆ ಪದರ ಏಳುತ್ತದೆ. ಮುಂದೆ ಹೇಳುವ ಮುಕ್ಕಾಲು ಸಂಗತಿಗಳ ಮೂಲ ಈ ಸಡಿಲ ಬಂಧದಲ್ಲೇ ಇದೆ.

ಮೊದಲ ಕೋಣೆ ಶಿಲಾವಿಜ್ಞಾನದವರದು. ಅಲ್ಲಿ ಸದಾ ನೀರು, ಪುಡಿ, ಗರಗರ ಸದ್ದು. ಕಲ್ಲಿನ ಒಂದು ಬಿಲ್ಲೆಯನ್ನು ವಜ್ರದ ಗರಗಸದಲ್ಲಿ ಕೊಯ್ದು ಗಾಜಿನ ಪಟ್ಟಿಗೆ ಅಂಟಿಸಿ, ಕಾರ್ಬೊರಂಡಮ್ ಪುಡಿ ಹಾಕಿ ಉಜ್ಜುತ್ತಾ ಹೋಗಬೇಕು. ಎಲ್ಲಿಯವರೆಗೆ? ದಪ್ಪ 0.03 ಮಿಲಿಮೀಟರಿಗೆ ಇಳಿಯುವವರೆಗೆ. ಅಷ್ಟು ತೆಳುವಾದರೆ ಬಂಡೆಯೂ ಬೆಳಕನ್ನು ಒಳಗೆ ಬಿಡುತ್ತದೆ. ಅಳೆಯಲು ಸ್ಕೇಲು ಬೇಡ, ಬೆಣಚೇ ಹೇಳುತ್ತದೆ. ಧ್ರುವೀಕರಣ ಸೂಕ್ಷ್ಮದರ್ಶಕದಲ್ಲಿಟ್ಟಾಗ ಬೆಣಚು ಹಳದಿಯಾಗಿ ಕಂಡರೆ ಇನ್ನೂ ದಪ್ಪವಿದೆ ಎಂದರ್ಥ, ಬಿಳಿ ಬೂದು ಬಣ್ಣಕ್ಕೆ ತಿರುಗಿದ ಕೂಡಲೇ ಕೈ ನಿಲ್ಲಿಸಬೇಕು. ಆಸೆಬಿದ್ದು ಇನ್ನೆರಡು ಸುತ್ತು ಉಜ್ಜಿದರೆ ಗಾಜಿನ ಮೇಲೆ ಕಲ್ಲೇ ಇರುವುದಿಲ್ಲ. ನಾನು ಹಾಗೆ ಮೂರು ಸಲ ಕಳೆದುಕೊಂಡಿದ್ದೇನೆ.

ಆ ತೆಳುಬಿಲ್ಲೆಯಲ್ಲಿ ಬಯೋಟೈಟ್ ಕಂದು ಬಣ್ಣದ ಪಟ್ಟಿಯಾಗಿ ಕಾಣುತ್ತದೆ. ಕೆಳಗಿನ ತಟ್ಟೆಯನ್ನು ತಿರುಗಿಸಿದರೆ ಕಡುಕಂದು ತೆಳುವಾಗಿ, ತೆಳು ಕಡುವಾಗಿ ಬಣ್ಣ ಬದಲಾಯಿಸುತ್ತದೆ. ಕಣ್ಣಿಟ್ಟು ನೋಡಿದರೆ ಅಲ್ಲಲ್ಲಿ ಕಪ್ಪು ಚುಕ್ಕೆಗಳು, ಹಾಸಿಗೆಯ ಮೇಲೆ ಬೀಡಿಯ ಕಿಡಿ ಬಿದ್ದು ಸುಟ್ಟ ಗುರುತಿನ ಹಾಗೆ. ಇಂಥ ಚುಕ್ಕೆಯ ನಡುವೆ ಸಾಮಾನ್ಯವಾಗಿ ಜಿರ್ಕಾನ್ ಎಂಬ ಖನಿಜದ ಒಂದು ಪುಟ್ಟ ಹರಳು ಕೂತಿರುತ್ತದೆ. ಅದರೊಳಗಿನ ಯುರೇನಿಯಂ ಕೋಟ್ಯಂತರ ವರ್ಷ ಸಿಡಿದು ಸಿಡಿದು ಸುತ್ತಲ ಅಭ್ರಕವನ್ನು ಸುಟ್ಟಿರುತ್ತದೆ. ಈ ಸುಟ್ಟ ಉಂಗುರಕ್ಕೆ ಕಾರಣ ವಿಕಿರಣವೆಂದು 1907ರಲ್ಲಿ ವಿವರಿಸಿದವರು ಐರ್ಲೆಂಡಿನ ಜಾನ್ ಜೋಲಿ.

ಇಲ್ಲಿಂದ ಕೈ ಬದಲಾಗುತ್ತದೆ. ಭೂಕಾಲಗಣನೆಯವರಿಗೆ ಬೇಕಾದದ್ದು ಅಭ್ರಕದೊಳಗಿನ ಆ ಜಿರ್ಕಾನ್. ಜಿರ್ಕಾನ್ ಹರಳು ಕಟ್ಟುವಾಗ ಯುರೇನಿಯಮ್ಮಿಗೆ ಜಾಗ ಕೊಡುತ್ತದೆ, ಸೀಸಕ್ಕೆ ಕೊಡುವುದಿಲ್ಲ. ಹಾಗಾಗಿ ಇವತ್ತು ಅದರೊಳಗೆ ಸಿಗುವ ಸೀಸವೆಲ್ಲ ಹೆಚ್ಚುಕಡಿಮೆ ಯುರೇನಿಯಂ ಕ್ಷಯಿಸಿ ಆದದ್ದೇ. ಯುರೇನಿಯಂ-238 ಅರ್ಧದಷ್ಟಾಗಲು 447 ಕೋಟಿ ವರ್ಷ ಬೇಕು, ಯುರೇನಿಯಂ-235ಕ್ಕೆ 70 ಕೋಟಿ ಚಿಲ್ಲರೆ. ಒಂದೇ ಹರಳಿನಲ್ಲಿ ಬೇರೆ ಬೇರೆ ವೇಗದಲ್ಲಿ ಓಡುವ ಎರಡು ಗಡಿಯಾರ. ಎರಡೂ ಒಂದೇ ಸಮಯ ತೋರಿಸಿದರೆ ನಂಬಬಹುದು. ತೋರಿಸದಿದ್ದರೆ ನಡುವೆ ಯಾವಾಗಲೋ ಸೀಸ ಸೋರಿದೆ, ಅದನ್ನೂ ಲೆಕ್ಕ ಹಾಕಬೇಕು.

ಬೆಂಗಳೂರಿನ ಲಾಲ್‌ಬಾಗ್ ಬಂಡೆಯ ಮೇಲೆ ಕೂತು ಕಡಲೆಕಾಯಿ ತಿನ್ನದವರು ಯಾರಿದ್ದಾರೆ? ಅದರ ವಯಸ್ಸು ಸುಮಾರು 300 ಕೋಟಿ ವರ್ಷ ಎಂದು ಹೇಳುವುದು ಇಂಥ ಗಡಿಯಾರಗಳನ್ನು ನೋಡಿಯೇ. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯಲ್ಲಿದ್ದ ಡಬ್ಲ್ಯು.ಎಫ್. ಸ್ಮೀತ್ 1916ರಲ್ಲಿ ಈ ಬಗೆಯ ಕಲ್ಲಿಗೆ ಪೆನಿನ್ಸುಲಾರ್ ನೈಸ್, ಅಂದರೆ ಪರ್ಯಾಯ ದ್ವೀಪದ ಪಟ್ಟೆಗಲ್ಲು, ಎಂದು ಹೆಸರಿಟ್ಟರು. (ನೈಸ್ ರಸ್ತೆಗೂ ಇದಕ್ಕೂ ನಂಟಿಲ್ಲ, ಆದರೆ ಆ ರಸ್ತೆಯ ಪಕ್ಕದಲ್ಲಿ ಕೊರೆದ ಬಂಡೆಗಳಲ್ಲೂ ಇದೇ ಕಲ್ಲು ಕಾಣಸಿಗುತ್ತದೆ.) ಬಿಳಿ ಪಟ್ಟಿ ಬೆಣಚು-ಫೆಲ್ಡ್‌ಸ್ಪಾರ್‌ನದು, ಕಪ್ಪು ಪಟ್ಟಿ ನಮ್ಮ ಕಾಗೆಬಂಗಾರದ್ದು.

ಕುತೂಹಲದ ಸಂಗತಿಯೆಂದರೆ ಆ ಕಾಗೆಬಂಗಾರವೂ ಒಂದು ಗಡಿಯಾರ, ಆದರೆ ಅದು ಬೇರೆ ಸಮಯ ಹೇಳುತ್ತದೆ. ಅದರ ಹಾಳೆಗಳ ನಡುವಿನ ಪೊಟ್ಯಾಸಿಯಮ್ಮಿನಲ್ಲಿ ಒಂದು ಸಣ್ಣ ಪಾಲು ವಿಕಿರಣಶೀಲ. ಅದು ನಿಧಾನವಾಗಿ ಆರ್ಗಾನ್ ಅನಿಲವಾಗುತ್ತದೆ. ಕಲ್ಲು ಸುಮಾರು 300 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಿದ್ದರೆ ಅನಿಲ ಹಾಳೆಗಳ ಸಂದಿನಿಂದ ತಪ್ಪಿಸಿಕೊಳ್ಳುತ್ತದೆ, ತಣಿದ ಮೇಲೆ ಒಳಗೇ ಸಿಕ್ಕಿಬೀಳುತ್ತದೆ. ಜಿರ್ಕಾನ್ ಹೇಳುವುದು ಕಲ್ಲು ಹುಟ್ಟಿದ ದಿನ, ಕಾಗೆಬಂಗಾರ ಹೇಳುವುದು ಅದು ಕೊನೆಯ ಸಲ ತಣ್ಣಗಾದ ದಿನ. ನಡುವಿನ ಅಂತರದಲ್ಲಿ ಒಂದು ಬೆಟ್ಟಸಾಲೇ ಎದ್ದು ಸವೆದು ಹೋಗಿರಬಹುದು. ಪೇಪರಿನಲ್ಲಿ "ಇಷ್ಟು ಕೋಟಿ ವರ್ಷ ಹಳೆಯ ಬಂಡೆ ಪತ್ತೆ" ಎಂಬ ಸುದ್ದಿ ಓದಿದಾಗ ಯಾವ ಗಡಿಯಾರ ನೋಡಿದರು ಎಂದು ಕೇಳುವ ಚಟ ನನಗೆ ಹತ್ತಿದ್ದು ಇದರಿಂದ.

ಕಾಗೆಬಂಗಾರದಿಂದ ನಿಜವಾದ ಬಂಗಾರಕ್ಕೂ ದಾರಿಯಿದೆ. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಚಿನ್ನ ಇರುವುದು ಬೆಣಚಿನ ಎಳೆಗಳಲ್ಲಿ ಮತ್ತು ಅವುಗಳ ಅಕ್ಕಪಕ್ಕದ ಕಲ್ಲಿನಲ್ಲಿ. ಚಿನ್ನ ಹೊತ್ತ ಬಿಸಿನೀರು ಬಿರುಕುಗಳಲ್ಲಿ ಹರಿದಾಗ ಪಕ್ಕದ ಕಲ್ಲನ್ನು ಬೇಯಿಸಿ ಅದರ ಖನಿಜಗಳನ್ನೇ ಬದಲಾಯಿಸಿತು. ದೂರದಲ್ಲಿ ಹಸಿರು ಕ್ಲೋರೈಟ್, ಎಳೆಗೆ ಹತ್ತಿರವಾದಂತೆ ಕಂದು ಬಯೋಟೈಟ್. ಗಣಿಯಲ್ಲಿ ಕೊರೆದು ತೆಗೆದ ಕಲ್ಲಿನ ಕೋಲನ್ನು ನೋಡುತ್ತಾ ಹೋಗುವ ಭೂವಿಜ್ಞಾನಿಗೆ ಹಸಿರು ಕಂದಿಗೆ ತಿರುಗಿದರೆ ಮೈ ನೆಟ್ಟಗಾಗುತ್ತದೆ. ಆರ್ಥಿಕ ಭೂವಿಜ್ಞಾನ ಎಂದರೆ ಬಹುಮಟ್ಟಿಗೆ ಇಂಥ ಸುಳಿವುಗಳ ವಿದ್ಯೆ. ಸಂಡೂರಿನ ಕಬ್ಬಿಣದ ಅದಿರು, ಮಂಡ್ಯ ಜಿಲ್ಲೆಯ ಮಾರ್ಲಗಲ್ಲದಲ್ಲಿ ಪರಮಾಣು ಖನಿಜ ನಿರ್ದೇಶನಾಲಯ ಅಂದಾಜು ಮಾಡಿದ 1,600 ಟನ್ ಲಿಥಿಯಂ, ಇವೆಲ್ಲ ಇದೇ ಕೋಣೆಯ ಬಾಬತ್ತು.

ಹಟ್ಟಿಯ ಅಣ್ಣನಂತಿದ್ದ ಕೋಲಾರದ ಗಣಿ 3.2 ಕಿಲೋಮೀಟರ್ ಆಳಕ್ಕೆ ಇಳಿದು 2001ರಲ್ಲಿ ಮುಚ್ಚಿತು. ಆ ಆಳದಲ್ಲಿ ಮೇಲಿನ ಬಂಡೆಯ ಭಾರಕ್ಕೆ ಸುರಂಗದ ಗೋಡೆ ಗುಂಡು ಹೊಡೆದಂತೆ ಸಿಡಿಯುತ್ತಿತ್ತು. ರಾಕ್ ಬರ್ಸ್ಟ್ ಎಂಬ ಮಾತು ಅಲ್ಲಿನ ಮನೆಮನೆಗೂ ಗೊತ್ತಿತ್ತು. ರಾಷ್ಟ್ರೀಯ ಶಿಲಾಯಂತ್ರಶಾಸ್ತ್ರ ಸಂಸ್ಥೆ 1988ರಲ್ಲಿ ಕೆಜಿಎಫ್‌ನಲ್ಲೇ ಶುರುವಾದದ್ದು ಕಾಕತಾಳೀಯವಲ್ಲ.

ನಮ್ಮೂರಿನವರಿಗೆ ಬೇಕಾದ ಕೋಣೆ ಅಂತರ್ಜಲದ್ದು. ನೈಸ್ ಬಂಡೆಗೆ ಸ್ಪಂಜಿನಂತೆ ರಂಧ್ರಗಳಿಲ್ಲ. ನೀರು ನಿಲ್ಲುವುದು ಮೇಲಿನ ಕೊಳೆತ ಕಲ್ಲಿನಲ್ಲಿ, ಅಂದರೆ ಗರಸಿನಲ್ಲಿ. ಅದರ ಕೆಳಗೆ ಬಿರುಕುಗಳಲ್ಲಿ ಮಾತ್ರ. ತೆರೆದ ಬಾವಿಗಳ ಕಾಲದಲ್ಲಿ ನಾವು ಕುಡಿದದ್ದು ಗರಸಿನ ನೀರು. ಅದು ಬತ್ತಿದ ಮೇಲೆ ಬಿರುಕುಗಳನ್ನು ಅಟ್ಟಿಸಿಕೊಂಡು ಸಾವಿರ ಅಡಿ ದಾಟಿದೆವು. ಆಳ ಹೋದಷ್ಟೂ ಬಿರುಕುಗಳು ವಿರಳವಾಗುತ್ತವೆ, ಮೇಲಿನ ಭಾರಕ್ಕೆ ಬಾಯಿ ಮುಚ್ಚಿಕೊಂಡಿರುತ್ತವೆ. ಆಳಕ್ಕೆ ಹೋದರೆ ನೀರಿನ ಸಮುದ್ರವೇ ಇದೆ ಎಂಬ ನಂಬಿಕೆಗೆ ಈ ಕಲ್ಲಿನಲ್ಲಿ ಆಧಾರವಿಲ್ಲ.

ಬೋರ್ ಎಲ್ಲಿ ಕೊರೆಯಬೇಕೆಂದು ಪಾಯಿಂಟ್ ತೋರಿಸುವವರ ವಿಷಯ ಹೇಳದೆ ಮುಂದೆ ಹೋಗಲಾರೆ. ಅಂಗೈಯಲ್ಲಿ ನಿಂತ ತೆಂಗಿನಕಾಯಿಗೆ ನೀರು ಗೊತ್ತಾಗುವುದಿಲ್ಲ, ಬೇವಿನ ಕವಲುಕಡ್ಡಿಗೂ ಇಲ್ಲ. ವಿಭಾಗದವರು ಮಾಡುವ ವಿದ್ಯುತ್ ರೋಧ ಪರೀಕ್ಷೆ ಬೇರೆ. ನೆಲಕ್ಕೆ ನಾಲ್ಕು ಗೂಟ ಹೊಡೆದು, ಹೊರಗಿನ ಎರಡರಿಂದ ಕರೆಂಟು ಹಾಯಿಸಿ, ಒಳಗಿನ ಎರಡರಲ್ಲಿ ವೋಲ್ಟೇಜು ಅಳೆಯುತ್ತಾರೆ. ಒಣ ಬಂಡೆ ಕರೆಂಟನ್ನು ತಡೆಯುತ್ತದೆ, ನೀರು ಕುಡಿದ ಗರಸು ಬಿಟ್ಟುಕೊಡುತ್ತದೆ. ಗೂಟಗಳನ್ನು ದೂರ ದೂರ ಸರಿಸಿದಷ್ಟೂ ಆಳದ ಸುದ್ದಿ ಸಿಗುತ್ತದೆ, ಆದರೆ ಸುದ್ದಿ ಮಸುಕಾಗುತ್ತಲೂ ಹೋಗುತ್ತದೆ. ಗರಸು ಎಷ್ಟು ದಪ್ಪವಿದೆ ಎಂದು ಅದು ಚೆನ್ನಾಗಿ ಹೇಳಬಲ್ಲದು. ಒಂಬೈನೂರು ಅಡಿ ಕೆಳಗಿರುವ ಬೆರಳಗಲದ ಬಿರುಕನ್ನು ಹೇಳಲಾರದು. ಮೆಷಿನ್ ತಂದು "ಒಂಬೈನೂರಕ್ಕೆ ಎರಡೂವರೆ ಇಂಚು ನೀರು ಗ್ಯಾರಂಟಿ" ಎನ್ನುವವರಿಗೂ ತೆಂಗಿನಕಾಯಿಯವರಿಗೂ ನನ್ನ ಲೆಕ್ಕದಲ್ಲಿ ಹೆಚ್ಚು ದೂರವಿಲ್ಲ.

ಸಿಕ್ಕ ನೀರಿನ ಕಥೆಯಲ್ಲಿ ಕಾಗೆಬಂಗಾರ ಮತ್ತೆ ಬರುತ್ತದೆ. ಅದರ ಹರಳಿನಲ್ಲಿ ಹೈಡ್ರಾಕ್ಸಿಲ್ (ಆಮ್ಲಜನಕ-ಜಲಜನಕದ ಜೋಡಿ) ಕೂರುವ ಜಾಗಗಳಿವೆ, ಅದೇ ಗಾತ್ರದ ಫ್ಲೋರೈಡ್ ಅಲ್ಲಿ ಹೋಗಿ ಕೂರುತ್ತದೆ. ಬಿರುಕಿನಲ್ಲಿ ವರ್ಷಾನುಗಟ್ಟಲೆ ನಿಂತ ನೀರಿಗೆ ಅಭ್ರಕ ಆ ಫ್ಲೋರೈಡನ್ನು ಬಿಟ್ಟುಕೊಡುತ್ತದೆ. ನೀರಿನಲ್ಲಿ ಕ್ಯಾಲ್ಸಿಯಂ ಸಾಕಷ್ಟಿದ್ದರೆ ಅದು ಫ್ಲೋರೈಡನ್ನು ಹಿಡಿದು ಗಟ್ಟಿಯಾಗಿ ಕೆಳಗಿಳಿಸಬಹುದಿತ್ತು. ಆದರೆ ನಮ್ಮ ಒಣನೆಲದಲ್ಲಿ ಕ್ಯಾಲ್ಸಿಯಂ ಮೊದಲೇ ಸುಣ್ಣದ ಗಂಟುಗಳಾಗಿ ಮಣ್ಣಿನಲ್ಲಿ ಕೂತುಬಿಡುತ್ತದೆ, ಹೊಲ ಉಳುವಾಗ ಸಿಗುವ ಬಿಳಿ ಸುಣ್ಣಕಲ್ಲು ಅದೇ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಏರುವುದರ ಹಿಂದೆ ಇಂಥ ರಸಾಯನವಿದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಸರಿ, ಬೇರೆ ದಾರಿಯೇ ಇಲ್ಲದಿದ್ದರೆ 1.5ರವರೆಗೆ ಎಂದು ಭಾರತೀಯ ಮಾನಕ ಹೇಳುತ್ತದೆ. ಅದನ್ನು ಮೀರಿದ ನೀರು ಕುಡಿದು ಬೆಳೆದವರ ಹಲ್ಲಿನ ಕಂದು ಪಟ್ಟಿ ನೋಡಿ ಇವರು ಯಾವ ಕಡೆಯವರೆಂದು ಊಹಿಸಬಹುದು. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಸಾಂದ್ರವಾಗುತ್ತದೆ. ಆದ್ದರಿಂದಲೇ ಊರೂರಿಗೆ ಶುದ್ಧ ನೀರಿನ ಘಟಕಗಳು, ನಾಣ್ಯ ಹಾಕಿದರೆ ಇಪ್ಪತ್ತು ಲೀಟರ್ ಕ್ಯಾನು.

2018ರಿಂದ ಕೋಲಾರದ ಕೆರೆಗಳಿಗೆ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಹರಿಯುತ್ತಿದೆ. ಕೆರೆಯ ಪಕ್ಕದ ಬೋರಿನಲ್ಲಿ ನೀರು ಏರಿದರೆ ಅದು ಮಳೆಯದೋ ಕೆರೆಯದೋ? ಇದು ವಾದ ಮಾಡಿ ಗೆಲ್ಲುವ ಪ್ರಶ್ನೆಯಲ್ಲ, ಅಳೆದು ಹೇಳುವಂಥದ್ದು. ಬಿಸಿಲಿಗೆ ಕೆರೆಯ ನೀರು ಆವಿಯಾಗುವಾಗ ಹಗುರ ಆಮ್ಲಜನಕವಿರುವ ಅಣುಗಳು ಮೊದಲು ಹಾರಿಹೋಗಿ ಭಾರದವು ಹೆಚ್ಚಾಗಿ ಉಳಿಯುತ್ತವೆ. ಆ ಗುರುತು ಹೊತ್ತ ನೀರನ್ನು ಬೋರಿನಲ್ಲಿ ಪತ್ತೆ ಹಚ್ಚಬಹುದು.

ಇಷ್ಟೂ ಭೂತಕಾಲ. ಇನ್ನು ಎಂಜಿನಿಯರ್‌ಗಳ ಕಡೆ. ಅವರಿಗೆ ಕಾಗೆಬಂಗಾರ ಕಂಡರಾಗದು. ಬಂಡೆಯಲ್ಲಿ ಮೊದಲು ಕೊಳೆಯುವ ಖನಿಜಗಳಲ್ಲಿ ಅದೂ ಒಂದು. ಅದರ ಕಬ್ಬಿಣ ತುಕ್ಕು ಹಿಡಿಯುತ್ತದೆ, ಹಾಳೆಗಳ ನಡುವೆ ನೀರು ಹೊಕ್ಕು ಉಬ್ಬುತ್ತದೆ, ಉಬ್ಬಿ ಅಕ್ಕಪಕ್ಕದ ಗಟ್ಟಿ ಹರಳುಗಳನ್ನು ದೂಡಿ ಬಿರುಕು ಬಿಡಿಸುತ್ತದೆ. ಬಂಡೆ ಗರಸಾಗುವುದು ಹೀಗೆ. ಇದು ಎಲ್ಲ ಕಡೆ ಒಂದೇ ಸಮ ಆಗುವುದಿಲ್ಲ. ಬಿರುಕಿನ ಗುಂಟ ಮಣ್ಣಾಗಿ, ನಡುವೆ ಗಟ್ಟಿ ಗುಂಡುಗಳು ಉಳಿಯುತ್ತವೆ. ಬೆಂಗಳೂರಿನ ನೆಲದಡಿ ನಮ್ಮ ಮೆಟ್ರೋ ಸುರಂಗ ಕೊರೆದ ಊರ್ಜಾ, ವಮಿಕಾ, ತುಂಗಾ, ಭದ್ರಾ ಯಂತ್ರಗಳಿಗೆ ಎದುರಾದದ್ದು ಈ ಬಗೆಯ ನೆಲ. ಯಂತ್ರದ ಮುಖದ ಮೇಲರ್ಧಕ್ಕೆ ಮಣ್ಣು, ಕೆಳಗರ್ಧಕ್ಕೆ 300 ಕೋಟಿ ವರ್ಷದ ಬಂಡೆ. ಮಣ್ಣಿಗೆ ತಕ್ಕಂತೆ ನೂಕಿದರೆ ಬಂಡೆ ಜಗ್ಗದು, ಬಂಡೆಗೆ ತಕ್ಕಂತೆ ನೂಕಿದರೆ ಮೇಲಿನ ಮಣ್ಣು ಕುಸಿದು ರಸ್ತೆಯಲ್ಲಿ ಗುಂಡಿ ಬೀಳುತ್ತದೆ.

ಕೊರೆಯುವ ಮೊದಲೇ ನೆಲ ಹೇಗಿದೆ ಎಂದು ತಿಳಿಯಲು ಅವರು ಕೊಳವೆ ಇಳಿಸಿ ಬಂಡೆಯ ಕೋಲನ್ನು ತೆಗೆಯುತ್ತಾರೆ. ಸುಮಾರು 54 ಮಿಲಿಮೀಟರ್ ವ್ಯಾಸದ ಉರುಟು ಕೋಲು, ಬರುವಾಗ ತುಂಡುತುಂಡಾಗಿ ಬರುತ್ತದೆ. 1964ರಲ್ಲಿ ಡಾನ್ ಡೀರ್ ಎಂಬವರು ಅದಕ್ಕೊಂದು ಸರಳ ಲೆಕ್ಕ ಕೊಟ್ಟರು, ಆರ್‌ಕ್ಯೂಡಿ (ರಾಕ್ ಕ್ವಾಲಿಟಿ ಡೆಸಿಗ್ನೇಶನ್, ಬಂಡೆಯ ಗುಣಮಟ್ಟದ ಅಂಕ) ಎನ್ನುತ್ತಾರೆ. ಒಂದು ಮೀಟರ್ ಕೋಲು 25, 8, 30, 6, 17, 4, 10 ಸೆಂಟಿಮೀಟರ್ ತುಂಡುಗಳಾಗಿ ಬಂತು ಎನ್ನಿ. 10 ಸೆಂಟಿಮೀಟರಿಗಿಂತ ಚಿಕ್ಕವನ್ನು ಬಿಟ್ಟು ಉಳಿದದ್ದನ್ನು ಕೂಡಿ: 25, 30, 17, 10, ಒಟ್ಟು 82. ಶೇಕಡ 82, ಉತ್ತಮ ಬಂಡೆ. 25ಕ್ಕಿಂತ ಕೆಳಗೆ ಬಂದರೆ ತೀರಾ ಕಳಪೆ. ಸ್ಕೇಲು ಹಿಡಿದ ಹೈಸ್ಕೂಲು ಹುಡುಗಿಯೂ ಮಾಡಬಹುದಾದ ಈ ಕೂಡುಲೆಕ್ಕದ ಮೇಲೆ ಕೋಟ್ಯಂತರ ರೂಪಾಯಿಯ ಸುರಂಗಗಳ ಆಸರೆ ನಿರ್ಧಾರವಾಗುತ್ತದೆ. ಅದರ ಕೊರತೆಯೂ ಅಷ್ಟೇ ಸ್ಪಷ್ಟ: ತುಂಡು ಎಷ್ಟುದ್ದ ಎಂದು ಹೇಳುತ್ತದೆ, ಬಿರುಕು ಯಾವ ಕಡೆ ವಾಲಿದೆ ಎಂದು ಹೇಳುವುದಿಲ್ಲ.

ವಾಲುವಿಕೆಯೇ ಮುಖ್ಯವಾಗುವುದು ಗುಡ್ಡದಲ್ಲಿ. ಅಭ್ರಕದ ಹಾಳೆಗಳೆಲ್ಲ ಒಂದೇ ದಿಕ್ಕಿಗೆ ಮಲಗಿರುವ ಬಂಡೆ ಸೌದೆಯಂತೆ ಎಳೆಯ ಗುಂಟ ಸೀಳುತ್ತದೆ. ಪ್ರಯೋಗಾಲಯದಲ್ಲಿ ಒತ್ತಿ ನೋಡಿದರೆ ಎಳೆಗೆ ಸುಮಾರು 30 ಡಿಗ್ರಿ ಓರೆಯಾಗಿ ಭಾರ ಬಿದ್ದಾಗ ಅದು ಅತಿ ದುರ್ಬಲ. ಈಗ ರಸ್ತೆಗಾಗಿ ಗುಡ್ಡ ಕಡಿದಿರೆಂದುಕೊಳ್ಳಿ. ಎಳೆಗಳು ರಸ್ತೆಯ ಕಡೆಗೇ ಇಳಿಜಾರಾಗಿದ್ದರೆ ಓರೆ ಮಾಡಿದ ತಟ್ಟೆಯಲ್ಲಿಟ್ಟ ಹಪ್ಪಳದ ಕಟ್ಟಿನಂತೆ ಜಾರಲು ಕಾದಿರುತ್ತವೆ. ಗುಡ್ಡದ ಒಳಕ್ಕೆ ವಾಲಿದ್ದರೆ ಆ ಅಪಾಯ ಕಡಿಮೆ. ಒಂದೇ ರಸ್ತೆ, ಒಂದೇ ಮಳೆ, ಎಡಬದಿ ಕುಸಿದು ಬಲಬದಿ ನಿಂತಿರುವುದಕ್ಕೆ ಎಷ್ಟೋ ಸಲ ಇದೇ ಕಾರಣ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ, 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಜಾರಿದಾಗ ಮಳೆಯ ಜೊತೆಗೆ ಇಳಿಜಾರನ್ನು ಕಡಿದದ್ದೂ ಚರ್ಚೆಗೆ ಬಂತು. ಕಡಿದ ಇಳಿಜಾರಿನ ಬುಡಕ್ಕೆ ಆಸರೆಯಿಲ್ಲ. ಮೇಲಿನ ಕೊಳೆತ ಮಣ್ಣಿನೊಳಗೆ ನೀರಿನ ಒತ್ತಡ ಏರಿದಂತೆ ಕಣಗಳು ಒಂದನ್ನೊಂದು ಹಿಡಿಯುವ ಹಿಡಿತ ಸಡಿಲವಾಗುತ್ತದೆ. ಎಂಜಿನಿಯರ್ ಹುಡುಕುವುದು ಹಿಡಿತ ಮತ್ತು ಜಾರುವ ಬಲಗಳ ಅನುಪಾತ. ಒಂದಕ್ಕಿಂತ ಕೆಳಗಿಳಿದರೆ ಗುಡ್ಡ ನಿಲ್ಲುವುದಿಲ್ಲ.

ಪಟ್ಟಿಯಲ್ಲಿ ಕಾಗೆಬಂಗಾರ ಮುಟ್ಟದ ಕೋಣೆಗಳೂ ಇವೆ. ಬಾದಾಮಿಯ ಮರಳುಗಲ್ಲಿನಲ್ಲಿ ಹಳೆಯ ಅಲೆಗಳ ಗುರುತು ಓದುವವರು, ಗೌರಿಬಿದನೂರಿನ ಭೂಕಂಪಮಾಪಕಗಳು ಕೇಳಿಸಿಕೊಳ್ಳುವ ದೂರದ ಕಂಪನಗಳನ್ನು ಬಿಡಿಸುವವರು. ಗ್ರಹಗಳ ಭೂವಿಜ್ಞಾನವಂತೂ ಈಗಿನ ಹುಡುಗರ ಮೋಹ. ಚಂದ್ರನ ಮೇಲೆ ಇಳಿಯುವ ಚಂದ್ರಯಾನದ ಲ್ಯಾಂಡರನ್ನು ಪರೀಕ್ಷಿಸಲು ಇಸ್ರೋ ಚಳ್ಳಕೆರೆಯ ಉಳ್ಳಾರ್ತಿ ಕಾವಲಿನಲ್ಲಿ ಗುಂಡಿಗಳನ್ನು ತೋಡಿತು, ತಮಿಳುನಾಡಿನ ಸಿತ್ತಂಪೂಂಡಿಯ ಕಲ್ಲನ್ನು ಪುಡಿ ಮಾಡಿ ಚಂದ್ರನ ಮಣ್ಣಿನ ಬದಲಿಗೆ ಬಳಸಿತು. ಚಂದ್ರನಿಂದ ತಂದ ಕಲ್ಲುಗಳಲ್ಲಿ ಕಾಗೆಬಂಗಾರ ಸಿಗುವುದಿಲ್ಲವೆಂದೇ ಹೇಳಬೇಕು. ಅದರ ಹರಳು ಕಟ್ಟಲು ನೀರಿನಂಶ ಬೇಕು.

ಬೋರ್ ಕೊರೆಯುವಾಗ ಪ್ರತಿ ಹತ್ತು ಅಡಿಗೆ ಒಂದು ಹಿಡಿ ಪುಡಿ ತೆಗೆದು, ಪ್ಲಾಸ್ಟಿಕ್ ಕವರಿಗೆ ಹಾಕಿ, ಆಳ ಬರೆದಿಡಬೇಕೆಂದು ನಮಗೆ ಕಲಿಸಿದ್ದರು. ಗರಸು ಎಲ್ಲಿ ಮುಗಿಯಿತು, ಬಿರುಕು ಎಲ್ಲಿ ಬಂತು, ಅಭ್ರಕ ಎಲ್ಲಿ ಹೆಚ್ಚಿತು, ಎಲ್ಲವನ್ನೂ ಆ ಕವರುಗಳಿಂದ ಓದಬಹುದು. ಓದು ಮುಗಿಸಿ ಊರಿಗೆ ಹೋದ ವರ್ಷ ಅಪ್ಪ ಕೊರೆಸಿದ ಬೋರಿಗೆ ನಾನು ಕವರು, ಮಾರ್ಕರ್ ಹಿಡಿದು ನಿಂತಿದ್ದೆ. ಇನ್ನೂರು ಅಡಿಯವರೆಗೆ ಸರಿಯಾಗಿ ಬರೆದೆ. ಆಮೇಲೆ ಚಿಕ್ಕಪ್ಪ ಟೀ ತರಲು ಕಳಿಸಿದರು, ವಾಪಸು ಬರುವಷ್ಟರಲ್ಲಿ ಐನೂರಕ್ಕೆ ಹೋಗಿತ್ತು. 940 ಅಡಿಗೆ ನಿಲ್ಲಿಸಿದರು, ಫೇಲಾಯಿತು. ಮಾರನೆಯ ದಿನ ಬೂದಿಯನ್ನೆಲ್ಲ ಹೊತ್ತು ಅಂಗಳದ ತಗ್ಗಿಗೆ ಸುರಿದು ತಟ್ಟಿದೆವು. ಅಮ್ಮ ಅದರ ಮೇಲೆ ಈಗಲೂ ರಾಗಿ ಒಣಗಿಸುತ್ತಾಳೆ. ಸಂಜೆ ರಾಗಿ ಬಾಚಿಕೊಂಡ ಮೇಲೆ ಓರೆ ಬಿಸಿಲಿಗೆ ಅಂಗಳ ಮಿಂಚುತ್ತದೆ.